ಲಾಂಚಿನಲ್ಲಿ ಗೇರುಸೊಪ್ಪೆಗೆ

ಹೊನ್ನಾವರದ ಬಂದರದಲ್ಲಿ ನಿಂತು ಪೂರ್ವಕ್ಕೆ ಮುಖಮಾಡಿ ನೋಡುವವನಿಗೆ ಶರಾವತಿಯು ಹೊಳೆಯೆಂದು ತೋರುವುದೇ ಇಲ್ಲ. ಎದುರಿನ ದಡದ ತೆಂಗಿನ ಸಾಲು ಅಷ್ಟು ದೂರದಲ್ಲಿರುವುದು. ನೀರು ಅಷ್ಟು ನಿಶ್ಚಲವಾಗಿರುವುದು. ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ ಪುಡಿಪುಡಿಯಾಗುವ ನದಿಯೇ ಇದು ಎಂದರೆ ಹೊಸಬರು ನಂಬಲಾರರು. ನದಿಯ ಕೊನೆಯ ಸುಮಾರು 30 ಕಿಲೋಮೀಟರು, ಎಂದರೆ ಗೇರುಸೊಪ್ಪೆಯಿಂದ ಸಮುದ್ರದವರೆಗೆ, ದೋಣಿ ನಡೆಯುವ ನೀರು. ಮೋಟಾರು ರಸ್ತೆಗಳು ಬರುವ ಮೊದಲು ಕರಾವಳಿಯಿಂದ ಜೋಗವನ್ನು ನೋಡಹೊರಟವರು ಇಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಹೋಗಿ, ಅಲ್ಲಿಂದ ಘಟ್ಟವನ್ನು ಏರುತ್ತಿದ್ದರು. ಆ ದಾರಿಯನ್ನು ಒಮ್ಮೆ ನೀರಿನ ಮೇಲೆಯೇ ಕ್ರಮಿಸಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದ್ದಿತು. ಕಳೆದ ಮಾರ್ಗಶಿರದಲ್ಲಿ ಅದು ಕೈಗೂಡಿತು. ಒಂದು ದಿನದ ಪ್ರಯಾಣವೆಂದು ಹೊರಟವನು ಆರು ದಿನ ಅಲ್ಲಿ ನಿಲ್ಲಬೇಕಾಯಿತು. ಅದಕ್ಕೆ ಕಾರಣವಾದುದು ಮೂರೆಸಳಿನ ಒಂದು ಕಂಚಿನ ವಸ್ತು.

ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದ್ದ ತಾಂಡೇಲರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಅವರ ಲಾಂಚು ಮೂವತ್ತು ಅಡಿ ಉದ್ದದ ಮರದ ದೋಣಿ. ತಂದೆಯ ಕಾಲದಿಂದ ಬಂದುದು. ಬೇಸಗೆಯಲ್ಲಿ ಹೊಳೆಯನ್ನು ನೋಡಬಂದವರನ್ನು ಸುತ್ತಾಡಿಸುವುದು, ಮದುವೆಯ ದಿಬ್ಬಣಗಳನ್ನು ದಡದಿಂದ ದಡಕ್ಕೆ ಮುಟ್ಟಿಸುವುದು, ಹೊಳೆಯ ನಡುವಿನ ಕುರುವೆಗಳಿಗೆ ಅಕ್ಕಿ, ಸಿಮೆಂಟು, ಹಂಚುಗಳನ್ನು ಸಾಗಿಸುವುದು, ಇವೇ ಅದರ ಕೆಲಸ. ಅದರಲ್ಲಿದ್ದ 20 ಅಶ್ವಶಕ್ತಿಯ ಡೀಸೆಲ್ ಎಂಜಿನು ಇನ್ನು ದುರಸ್ತಿಗೆ ಬಗ್ಗುವುದಿಲ್ಲವೆಂದು ಮೇಸ್ತ್ರಿಗಳು ಕೈಚೆಲ್ಲಿದ ಮೇಲೆ, ತಾಂಡೇಲರು ಸಾಲ ಮಾಡಿ 35 ಅಶ್ವಶಕ್ತಿಯ ಹೊಸ ಎಂಜಿನನ್ನು ಕೂರಿಸಿದ್ದರು. ಸಾಲದ ಪತ್ರಕ್ಕೆ ಅವರ ಮಡದಿಯೂ ರುಜು ಹಾಕಿದ್ದರು. ಆಕೆಯ ಎರಡು ಬಳೆಗಳು ಸಂಘದ ಪೆಟ್ಟಿಗೆಯನ್ನು ಸೇರಿದ್ದವು. ಎಂಜಿನನ್ನು ಮಾರಿದವರು, "ಹಳೆಯ ಫ್ಯಾನೇ ಸಾಕು, ಬಲ ಹೆಚ್ಚಿದ ಮೇಲೆ ಓಟ ತಾನಾಗಿಯೇ ಹೆಚ್ಚುವುದು" ಎಂದು ಹೇಳಿಹೋಗಿದ್ದರಂತೆ. ದೋಣಿಯ ಹಿಂಬದಿಯಲ್ಲಿ ನೀರಿನೊಳಗೆ ತಿರುಗಿ ಅದನ್ನು ಮುಂದೂಡುವ ಎಸಳುಚಕ್ರಕ್ಕೆ ನಮ್ಮ ಕರಾವಳಿಯಲ್ಲಿ ಫ್ಯಾನು ಎಂದೇ ಹೆಸರು. ಗಾಳಿ ಬೀಸುವ ಫ್ಯಾನಿಗೂ ಇದಕ್ಕೂ ಹೋಲಿಕೆ ಇದೆಯಾದುದರಿಂದ ಹೆಸರು ಅಸಂಬದ್ಧವೇನೂ ಅಲ್ಲ.

ಮೊದಲನೆಯ ದಿನ ಬೆಳಗ್ಗೆ ಹೊರಟೆವು. ಹೆದ್ದಾರಿಯ ಸೇತುವೆ ಹಿಂದಾಯಿತು; ಮುಂದೆ ರೈಲು ಸೇತುವೆ. 1998ರಲ್ಲಿ ಸಂಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದ ಸೇತುವೆಗಳಲ್ಲೆಲ್ಲ ಇದೇ ಉದ್ದವಾದುದು; ಎರಡು ಕಿಲೋಮೀಟರಿಗೂ ಮಿಕ್ಕಿದೆ. ಅದರ ಕಂಬಗಳ ನಡುವೆ ನುಸುಳುವಾಗ ನಾನು ತಲೆಯೆತ್ತಿ ನೋಡುತ್ತಿದ್ದೆ. ತಾಂಡೇಲರು ಮಾತ್ರ ಹಿಂದಕ್ಕೆ ತಿರುಗಿ ಹೊಗೆಯನ್ನು ನೋಡುತ್ತಿದ್ದರು. ಹೊಸ ಎಂಜಿನಿನ ಹೊಗೆ ಕಾಡಿಗೆಯಂತೆ ಕಪ್ಪಾಗಿದ್ದಿತು. ಬಿಳಿಯ ಕೊಕ್ಕರೆಗಳ ಸಾಲೊಂದು ಅದರಡಿ ಹಾದುಹೋದಾಗ ನನಗೇ ನಾಚಿಕೆಯಾಯಿತು.

"ಓಡುತ್ತದೆ ಮಾಸ್ತರೇ, ಓಡುವುದಿಲ್ಲವೆಂದಲ್ಲ. ಆದರೆ ಅಳುತ್ತ ಓಡುತ್ತದೆ" ಎಂದರು ಅವರು.

ಎಂಜಿನಿನ ಮುಂದೆ ಸುತ್ತುಗಳನ್ನು ತೋರಿಸುವ ಗಡಿಯಾರವೊಂದಿದ್ದಿತು. ಈ ಎಂಜಿನು ನಿಮಿಷಕ್ಕೆ 2,400 ಸುತ್ತು ತಿರುಗತಕ್ಕದ್ದೆಂದು ಅದರ ಕೈಪಿಡಿಯಲ್ಲಿ ಅಚ್ಚಾಗಿದ್ದಿತು. ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಮುಳ್ಳು 1,700ನ್ನು ದಾಟಲೊಲ್ಲದು. ಓಟವೇನೋ ಹಿಂದಿಗಿಂತ ಹೆಚ್ಚಾಗಿದ್ದಿತು. ಹಳೆಯ ಎಂಜಿನಿನಲ್ಲಿ ಗಂಟೆಗೆ 11 ಕಿಲೋಮೀಟರು ಹೋಗುತ್ತಿದ್ದುದು ಈಗ 12 ಹೋಗುತ್ತಿದ್ದಿತು. ಆದುದರಿಂದಲೇ ದಡದಲ್ಲಿ ನಿಂತು ನೋಡಿದವರಿಗೆ ಎಲ್ಲವೂ ಸರಿಯಾಗಿದೆಯೆಂದು ತೋರಿದ್ದಿರಬೇಕು. ಹೈಗುಂದದ ದ್ವೀಪ ಕಾಣುವ ಹೊತ್ತಿಗೆ ಬಿಸಿಯನ್ನು ಸೂಚಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಎಂಜಿನನ್ನು ನಿಲ್ಲಿಸಿ, ಬಿದಿರುಗಳೆಯಿಂದ ದೋಣಿಯನ್ನು ದಡಕ್ಕೆ ಒತ್ತಿದೆವು. ನನ್ನ ಗೇರುಸೊಪ್ಪೆಯ ಯಾತ್ರೆ ಅಂದಿಗೆ ಅರ್ಧದಲ್ಲಿಯೇ ಮುಗಿಯಿತು.

ಆ ರಾತ್ರಿ ತಾಂಡೇಲರ ತಂಗಿಯ ಮನೆಯಲ್ಲಿ ತಂಗಿದೆವು. ಅಡಕೆಯ ತೋಟದ ಅಂಚಿನಲ್ಲಿ ಮನೆ; ಅಂಗಳದ ಕೆಳಗೇ ಹೊಳೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಹಳೆಯ ಫ್ಯಾನಿನ ನಡುಗುಬ್ಬಿಯ ಮೇಲೆ ಏನೋ ಕೊರೆದುದನ್ನು ಹಿಂದೊಮ್ಮೆ ಕಂಡ ನೆನಪಿದೆಯೇ ಎಂದು ಕೇಳಿದೆ. "ಇದೆಯಲ್ಲ, ಇಪ್ಪತ್ತು ಗುಣಿಸು ಹದಿನಾರು" ಎಂದ ಅವರ ಮಗ. ಇಷ್ಟು ತಿಳಿದದ್ದೇ ಸಾಕಾಯಿತು. ಸುಣ್ಣದ ಕಡ್ಡಿಯಿಂದ ಜಗಲಿಯ ನೆಲದ ಮೇಲೆ ಬರೆದು ಅವನಿಗೆ ಹೇಳಿದುದನ್ನೇ ಇಲ್ಲಿಯೂ ಹೇಳುವೆನು. ದೋಣಿಯ ಗೊಡವೆಯೇ ಇಲ್ಲದ ವಾಚಕರೂ ಮುಂದಿನ ಕಥೆಗಾಗಿ ಇದನ್ನು ಸಹಿಸಬೇಕು.

ಮೊದಲನೆಯ ಅಂಕವು ವ್ಯಾಸ: ಎಸಳುಗಳ ತುದಿ ಬರೆಯುವ ವೃತ್ತವು ಇಪ್ಪತ್ತು ಅಂಗುಲ. ಎರಡನೆಯದೇ ಪಿಚ್ಚು. ಫ್ಯಾನೆಂಬುದು ತಿರುಪುಮೊಳೆಯ ಒಂದು ತುಣುಕು. ತಿರುಪುಮೊಳೆಯನ್ನು ಮರದೊಳಗೆ ಒಂದು ಸುತ್ತು ತಿರುಗಿಸಿದರೆ ಅದು ಇಂತಿಷ್ಟು ಒಳಕ್ಕೆ ಹೋಗುವುದು. ಹಾಗೆಯೇ ಈ ಫ್ಯಾನು ಜಾರದೆ ಒಂದು ಸುತ್ತು ತಿರುಗಿದರೆ ಹದಿನಾರು ಅಂಗುಲ ಮುಂದೆ ಹೋಗತಕ್ಕದ್ದು. ಆದರೆ ನೀರು ಮರದಂತೆ ಗಟ್ಟಿಯಲ್ಲ. ಎಸಳು ತಳ್ಳಿದಾಗ ಅದು ಹಿಂದಕ್ಕೆ ಸರಿಯುವುದು. ಹಾಗೆ ಸರಿಯದಿದ್ದರೆ ದೋಣಿಯನ್ನು ದೂಡುವ ಬಲವೇ ಹುಟ್ಟದು. ಹೀಗಾಗಿ ಇಂತಹ ಭಾರದ ದೋಣಿಗಳಲ್ಲಿ ಲೆಕ್ಕದ ಓಟದ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಜಾರಿಕೆಯಲ್ಲಿ ಕಳೆಯುವುದು. ಹಳೆಯ ಎಂಜಿನು 1,500 ಸುತ್ತು ತಿರುಗುತ್ತಿದ್ದಿತು. ಗೇರುಪೆಟ್ಟಿಗೆ ಅದನ್ನು ಅರ್ಧಕ್ಕೆ ಇಳಿಸಿ ಫ್ಯಾನಿಗೆ 750 ಸುತ್ತು ಕೊಡುತ್ತಿದ್ದಿತು. ಸುತ್ತಿಗೆ 16 ಅಂಗುಲದಂತೆ ನಿಮಿಷಕ್ಕೆ ಸಾವಿರ ಅಡಿ, ಗಂಟೆಗೆ ಸುಮಾರು 18 ಕಿಲೋಮೀಟರು ಆಗಬೇಕಾಗಿದ್ದಿತು. ಹೋಗುತ್ತಿದ್ದುದು 11. ಹತ್ತರಲ್ಲಿ ನಾಲ್ಕು ಪಾಲು ಜಾರಿಕೆಗೆ ಸಂದಿತು, ಅದು ತಪ್ಪೇನಲ್ಲ.

ಈಗ ಬಂದ ಎಂಜಿನಿನ ಸ್ವಭಾವವೇ ಬೇರೆ. ಅದರ ಬಲವೆಲ್ಲ ವೇಗವಾಗಿ ತಿರುಗುವುದರಲ್ಲಿದೆ. ಘಟ್ಟವನ್ನು ಏರಲು ಎರಡು ಬಗೆಯ ದಾರಿಗಳಿರುತ್ತವೆ. ನೆಟ್ಟಗೆ ಏರುವ ಕಾಲುದಾರಿಯಲ್ಲಿ ಒಂದೊಂದು ಹೆಜ್ಜೆಗೂ ಎತ್ತರ ಹೆಚ್ಚು ಸಿಕ್ಕುವುದು, ಎದೆಯೂ ಬೇಗ ಒಡೆಯುವುದು. ಬಳಸಿ ಬಳಸಿ ಏರುವ ಗಾಡಿದಾರಿಯಲ್ಲಿ ಹೆಜ್ಜೆಗಳು ಹೆಚ್ಚು, ಆಯಾಸ ಕಡಮೆ. ದೊಡ್ಡ ಪಿಚ್ಚು ಕಾಲುದಾರಿಯಂತೆ. ಸಣ್ಣ ಪಿಚ್ಚು ಗಾಡಿದಾರಿಯಂತೆ. ಚುರುಕಾಗಿ ಸಣ್ಣ ಹೆಜ್ಜೆಯಿಡಬಲ್ಲ ಎಂಜಿನಿಗೆ ಹಳೆಯ ಎಂಜಿನಿನ ದೊಡ್ಡ ಹೆಜ್ಜೆಯನ್ನು ಇಡಿಸಿದುದರಿಂದ ಅದು 1,700ರಲ್ಲಿಯೇ ಏದುಸಿರು ಬಿಡುತ್ತಿದ್ದಿತು. ಹಿಡಿಯನ್ನು ತಳ್ಳಿದಷ್ಟೂ ಎಣ್ಣೆಯೇನೋ ಸುರಿಯುವುದು. ಸುತ್ತು ಏರದೆ, ಅದನ್ನು ಸುಡುವಷ್ಟು ಗಾಳಿ ಒಳಗೆ ಬರುವುದಿಲ್ಲ. ಅರೆಬೆಂದ ಎಣ್ಣೆಯೇ ಆ ಕಾಡಿಗೆ. ಹೀಗೆ ನಡೆಸಿದ ಎಂಜಿನು ಹತ್ತು ವರ್ಷ ಬಾಳುವ ಬದಲು ಎರಡು ಮೂರು ಮಳೆಗಾಲಗಳಲ್ಲಿ ಕವಾಟ ಸುಟ್ಟು, ಕೊಂತ ಸವೆದು ಕೂರುವುದುಂಟು. ಸಾಲದ ಕಂತುಗಳು ಮಾತ್ರ ತಮ್ಮ ಪೂರ್ಣಾಯುಷ್ಯವನ್ನು ಬಾಳುವವು.

ತಾಂಡೇಲರು ಬಹಳ ಹೊತ್ತು ಮಾತನಾಡಲಿಲ್ಲ. ಬೇಸರವನ್ನು ಕಳೆಯಲೆಂದು ನಾನು ಅವರಿಗೆ ಈ ತಿರುಪಿನ ಪೂರ್ವಕಥೆಯನ್ನು ಹೇಳಿದೆ. 1829ರಲ್ಲಿ ಆಸ್ಟ್ರಿಯಾ ದೇಶದ ಅರಣ್ಯಾಧಿಕಾರಿ ಯೋಸೆಫ್ ರೆಸೆಲ್ ಎಂಬಾತನು ಟ್ರಿಯೆಸ್ಟ್ ಬಂದರದಲ್ಲಿ ತಿರುಪಿನಿಂದ ನಡೆಯುವ ಉಗಿದೋಣಿಯನ್ನು ಓಡಿಸಿ ತೋರಿಸಿದನು. ನಡುವೆ ಉಗಿಯ ಕೊಳವೆ ಒಡೆಯಿತು. ಪೋಲೀಸರು ಮುಂದಿನ ಪ್ರಯೋಗಗಳನ್ನೇ ನಿಷೇಧಿಸಿದರು. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬವನು ಒಕ್ಕಲುತನದವನು. ಆತನು 1836ರಲ್ಲಿ ಹಕ್ಕುಪತ್ರ ಪಡೆದು, ಮರುವರ್ಷ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ತನ್ನ ದೋಣಿಯನ್ನು ಪರೀಕ್ಷಿಸಿದನು. ಅದರ ತಿರುಪು ಮರದ್ದು. ಎರಡು ಪೂರ್ತಿ ಸುತ್ತುಗಳುಳ್ಳದ್ದು. ಓಡುತ್ತಿರುವಾಗ ಅದು ಏನನ್ನೋ ಬಡಿದು ಅರ್ಧ ಮುರಿದುಹೋಯಿತು. ದೋಣಿ ನಿಂತಿತೆಂದೇ ಎಲ್ಲರೂ ಎಣಿಸಿದರು. ಅದು ಹಿಂದಿಗಿಂತ ಜೋರಾಗಿ ಓಡಲಾರಂಭಿಸಿತು! ಅಂದಿನಿಂದ ಆತನು ಒಂದೇ ಸುತ್ತಿನ ತಿರುಪನ್ನು ಮಾಡಿದನು. 1845ರಲ್ಲಿ ಬ್ರಿಟಿಷ್ ನೌಕಾಪಡೆಯವರು ತಿರುಪಿನ ಹಡಗಾದ ರ‍್ಯಾಟ್ಲರನ್ನೂ ಪಕ್ಕದಲ್ಲಿ ನೀರುಚಕ್ರಗಳುಳ್ಳ ಅಲೆಕ್ಟೋವನ್ನೂ ಬೆನ್ನಿಗೆ ಬೆನ್ನಾಗಿ ಕಟ್ಟಿ ಹಗ್ಗ ಜಗ್ಗಿಸಿದರು. ತಿರುಪಿನ ಹಡಗು ಚಕ್ರದ ಹಡಗನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋಯಿತು.

"ಅವನದು ಮುರಿದು ಸರಿಹೋಯಿತು. ನಮ್ಮದನ್ನು ಮುರಿಯಬೇಕೇ?" ಎಂದರು ತಾಂಡೇಲರು. ಅವರು ನಕ್ಕದ್ದು ಅಂದು ಅದೇ ಮೊದಲು.

ಮರುದಿನ ಹೊಳೆಯ ಸೆಳವಿನಲ್ಲಿಯೇ, ಎಂಜಿನನ್ನು ನಿಧಾನವಾಗಿ ನಡೆಸುತ್ತ ಹಿಂದಿರುಗಿದೆವು. ಅಮಾವಾಸ್ಯೆ ಹತ್ತಿರವಾದುದರಿಂದ ಭರತವೂ ಇಳಿತವೂ ದೊಡ್ಡವು. ನೀರು ತುಂಬಿದ್ದಾಗ ಲಾಂಚನ್ನು ಮರಳಿನ ದಡಕ್ಕೆ ತಂದು ನಿಲ್ಲಿಸಿ, ಎರಡೂ ಬದಿಗೆ ಊರುಗೋಲು ಕೊಟ್ಟರೆ, ಸಂಜೆಯ ಇಳಿತದಲ್ಲಿ ಫ್ಯಾನು ನೀರಿನಿಂದ ಹೊರಗೆ ಬರುವುದು. ಆ ಎರಡು ಮೂರು ಗಂಟೆಗಳೊಳಗೆ ಪಿನ್ನನ್ನು ಕಿತ್ತು, ನಟ್ಟನ್ನು ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ಚಾವಿಗೆ ಸರಿಯಾಗಿ ಕೂರಿಸಿ ಬಿಗಿಯಬೇಕು. ಸಮುದ್ರವು ಯಾರ ಅರ್ಜಿಯನ್ನೂ ಓದುವುದಿಲ್ಲ. ಹೊತ್ತಿಗೆ ಸರಿಯಾಗಿ ತಿರುಗಿ ಬರುವುದು. ಫ್ಯಾನಿನ ರಂಧ್ರದ ಓರೆಯೂ ದಂಡದ ಓರೆಯೂ ಒಂದೇ ಆಗಿರಬೇಕೆಂಬುದು ಬೇರೊಂದು ಕಷ್ಟ. ನೆಂಟರೊಬ್ಬರ ದೋಣಿಯಿಂದ ಕಡ ತಂದ ಫ್ಯಾನು ಅದೃಷ್ಟವಶಾತ್ ಸರಿಯಾಗಿ ಕೂತಿತು. ಅದರ ಮೇಲೆ 18×9 ಎಂದು ಕೊರೆದಿದ್ದಿತು.

ಮೂರನೆಯ ದಿನ ಬೆಳಗ್ಗೆ ಭರತ ತುಂಬುತ್ತಿದ್ದಂತೆ ಲಾಂಚು ತೇಲಿತು. ಹಿಡಿಯನ್ನು ತಳ್ಳಿದೊಡನೆ ಎಂಜಿನು ಹಾಡಿತೆಂದೇ ಹೇಳಬೇಕು. ಮುಳ್ಳು ಸರಸರನೆ 2,400ಕ್ಕೆ ಏರಿತು. ಹೊಗೆಯಿಲ್ಲ, ಬಿಸಿಯಿಲ್ಲ. ಹಲಗೆಗಳ ನಡುಕವೂ ಅಡಗಿತು. ಹಳೆಯ ಫ್ಯಾನಿನ ತುದಿ ದೋಣಿಯ ತಳಕ್ಕೆ ತೀರ ಸಮೀಪವಾಗಿ ಸುತ್ತುತ್ತಿದ್ದುದೇ ಆ ನಡುಕಕ್ಕೆ ಕಾರಣ. ಎಸಳಿನ ತುದಿಗೂ ಹಲಗೆಗೂ ನಡುವೆ ವ್ಯಾಸದ ಹತ್ತರಲ್ಲೊಂದು ಪಾಲಾದರೂ ತೆರವಿರಬೇಕು. ತಾಂಡೇಲರ ಮಗನು ಎದ್ದು ಕುಣಿದನು. ನಾನೂ ತೃಪ್ತನಾದೆನೆಂಬುದನ್ನು ಮರೆಮಾಚಲಾರೆ. ಕಿವಿಗೆ ಹಿತವಾದುದೆಲ್ಲ ಸರಿಯಾದುದೆಂದು ನಂಬುವುದು ಮೇಷ್ಟರುಗಳಿಗೆ ಸಹಜ.

ತಾಂಡೇಲರು ಮಾತ್ರ ದಡದ ಮರಗಳನ್ನು ನೋಡುತ್ತಿದ್ದರು. "ಶಬ್ದ ಮುಂದೆ ಹೋಗುತ್ತಿದೆ, ದೋಣಿ ಹಿಂದೆ ಉಳಿಯುತ್ತಿದೆ" ಎಂದರು. ಅಳೆಯೋಣವೆಂದು ನಿಶ್ಚಯಿಸಿದೆವು. ಒಂದು ಕಿಲೋಮೀಟರು ದೂರದ ಎರಡು ಗುರುತುಗಳನ್ನು ಕೈಫೋನಿನ ನಕ್ಷೆಯಲ್ಲಿ ಹಿಡಿದು, ಸೆಳವಿಗೆ ಎದುರಾಗಿ ಒಮ್ಮೆ, ಸೆಳವಿನೊಡನೆ ಒಮ್ಮೆ ಓಡಿಸಿ ಹೊತ್ತನ್ನು ಬರೆದುಕೊಂಡೆವು. ಒಂದೇ ದಿಕ್ಕಿನ ಓಟವನ್ನು ನಂಬತಕ್ಕದ್ದಲ್ಲ. ನೀರು ಹೊತ್ತುಕೊಂಡು ಹೋದುದನ್ನು ಫ್ಯಾನಿನ ಖಾತೆಗೆ ಬರೆದಂತಾಗುವುದು. ಎರಡೂ ದಿಕ್ಕಿನ ವೇಗಗಳನ್ನು ಬೇರೆ ಬೇರೆಯಾಗಿ ಕಂಡುಕೊಂಡು, ಆ ವೇಗಗಳ ಸರಾಸರಿಯನ್ನು ತೆಗೆಯಬೇಕು. ನೀರು ಆಳವಾಗಿರುವೆಡೆಯಲ್ಲಿಯೇ ಅಳೆಯಬೇಕೆಂಬುದು ಇನ್ನೊಂದು ನಿಯಮ. ಮರಳದಿಬ್ಬಗಳ ಮೇಲಿನ ತೆಳುನೀರಿನಲ್ಲಿ ದೋಣಿಯ ಹಿಂಬದಿ ತಗ್ಗಿ, ತಳದ ನೀರು ಅದನ್ನು ಹಿಡಿದೆಳೆಯುವುದು. ಒಳ್ಳೆಯ ಫ್ಯಾನೂ ಅಲ್ಲಿ ಕೆಟ್ಟದೆನಿಸುವುದು.

ಲೆಕ್ಕ ಬಂದಿತು: ಗಂಟೆಗೆ 11 ಕಿಲೋಮೀಟರು. ಇಪ್ಪತ್ತರ ಎಂಜಿನು ಕೊಡುತ್ತಿದ್ದ ಓಟವೇ ಮೂವತ್ತೈದರ ಎಂಜಿನಿನಲ್ಲಿಯೂ! ಸುತ್ತಿಗೆ ಒಂಬತ್ತೇ ಅಂಗುಲ. ಹೆಜ್ಜೆ ತೀರ ಚಿಕ್ಕದು. 2,400ನ್ನು ಮುಟ್ಟಿದೊಡನೆ ಗವರ್ನರು ಎಣ್ಣೆಯನ್ನು ತಡೆಯುತ್ತಿದ್ದುದರಿಂದ, ಎಂಜಿನಿನ ಬಲದಲ್ಲಿ ಕಾಲುಭಾಗಕ್ಕೂ ಮಿಕ್ಕಿ ಬಳಕೆಗೇ ಬರುತ್ತಿರಲಿಲ್ಲ. ಮೊದಲನೆಯ ಫ್ಯಾನು ಎಂಜಿನನ್ನು ಕೊಲ್ಲುತ್ತಿದ್ದಿತು. ಇದು ಅದನ್ನು ಸೋಮಾರಿಯಾಗಿಸಿತು. ಎರಡಕ್ಕೂ ಸಾಲ ಒಂದೇ.

ಅಂದು ಸಂಜೆ ಮೇಸ್ತ್ರಿಗಳು ಬಂದರು. ಅವರ ಚೀಲದಲ್ಲಿ ಎರಡು ಹೊಸ ಫ್ಯಾನುಗಳಿದ್ದವು: ಒಂದು 18×12, ಮತ್ತೊಂದು 18×14. ಒಪ್ಪಿದುದನ್ನು ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಬಹುದೆಂಬ ಕರಾರು. ವ್ಯಾಸವನ್ನು ಇಪ್ಪತ್ತರಲ್ಲಿಯೇ ಉಳಿಸಿ ಪಿಚ್ಚನ್ನು ಮಾತ್ರ ತಗ್ಗಿಸಬಾರದೇಕೆಂದು ಕೇಳಿದೆ. ವೇಗವಾಗಿ ತಿರುಗುವ ದಂಡಕ್ಕೆ ಅಷ್ಟು ದೊಡ್ಡ ಫ್ಯಾನು ಹೊರೆಯೆಂದರು ಅವರು. ಲೆಕ್ಕ ಹಾಕಿ ನೋಡಿದರೆ ಅವರ ಮಾತು ನಿಜ: ಆಕಾರವನ್ನು ಹಾಗೆಯೇ ಉಳಿಸಿ ವ್ಯಾಸವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ, ಅಷ್ಟೇ ಸುತ್ತುಗಳಲ್ಲಿ ಹೊರೆಯು ನೂರಕ್ಕೆ ನಲವತ್ತರಷ್ಟು ಇಳಿಯುವುದು. ಮೇಸ್ತ್ರಿಗಳು ಯಾವ ಲೆಕ್ಕವನ್ನೂ ಹಾಕದೆ ಅದನ್ನು ತಿಳಿದಿದ್ದರು.

ನಾಲ್ಕನೆಯ ದಿನ 18×14ರ ಸರದಿ. ತಾಂಡೇಲರು, ಮಗ, ಮೇಸ್ತ್ರಿಗಳು, ನಾನು, ನಾಲ್ವರೇ ದೋಣಿಯಲ್ಲಿದ್ದೆವು. ಓಟವೆಂದರೆ ಓಟ! ಮೂತಿಯಲ್ಲಿ ನೀರು ಎರಡಾಗಿ ಸೀಳಿ ಹಾರಿತು. ಮುಳ್ಳು 2,300ರಲ್ಲಿ ನಿಂತಿತು. ನೂರು ಸುತ್ತು ಕಡಮೆಯಾದರೇನು, ಇದೇ ಇರಲಿ ಎಂದು ಮಗ ಹಠ ಹಿಡಿದನು. ಹೊಳೆಯಲ್ಲಿ ಓಡಾಡುವ ಬೇರೆ ಲಾಂಚುಗಳನ್ನೆಲ್ಲ ಹಿಂದೆ ಹಾಕುವ ಚಿತ್ರ ಆಗಲೇ ಅವನ ಕಣ್ಣಿಗೆ ಕಟ್ಟಿದ್ದಿರಬೇಕು. ಮೇಸ್ತ್ರಿಗಳೂ ತಲೆದೂಗಿದರು. ನನಗೆ ಸಂಶಯವಿದ್ದರೂ ಹೇಳುವ ಧೈರ್ಯವಾಗಲಿಲ್ಲ.

ದಡದಲ್ಲಿ ತಾಂಡೇಲರ ಮಡದಿ ಗಂಜಿಯ ಬುತ್ತಿಯನ್ನು ತಂದು ಕಾದಿದ್ದರು. ಡೀಸೆಲಿನ ಲೆಕ್ಕವನ್ನು ಬರೆಯುವವರು ಆಕೆಯೇ. ಎಲ್ಲವನ್ನೂ ಕೇಳಿಸಿಕೊಂಡು, "ಎಷ್ಟು ಜನರನ್ನು ಕೂರಿಸಿ ನೋಡಿದಿರಿ?" ಎಂದರು. ನಾಲ್ವರೆಂದೆವು. "ಸಂತೆಯಲ್ಲಿ ಎತ್ತನ್ನು ಕೊಳ್ಳುವವರು ಬರಿಯ ಗಾಡಿಗೆ ಹೂಡಿ ನೋಡುತ್ತಾರೆಯೇ?" ಎಂದಷ್ಟೇ ಹೇಳಿ ಬುತ್ತಿಯನ್ನು ಬಿಚ್ಚಿದರು.

ಯಾರೂ ಮರುಮಾತಾಡಲಿಲ್ಲ. ನೀರು ಇಳಿಯುವ ಮೊದಲೇ ಮುಗಿಸಬೇಕಾಗಿದ್ದುದರಿಂದ ಗಂಜಿಯನ್ನು ನಿಂತೇ ಕುಡಿದೆವು. ಕುರುವೆಗೆ ಹೋಗಬೇಕಾಗಿದ್ದ ಅಕ್ಕಿಯ ಮೂಟೆಗಳು ಬಂದರದಲ್ಲಿದ್ದವು. ಅವನ್ನು ಹೇರಿ, ದಡದಲ್ಲಿ ತಮಾಷೆ ನೋಡುತ್ತಿದ್ದ ಹತ್ತು ಹನ್ನೆರಡು ಮಂದಿಯನ್ನೂ ಕೂರಿಸಿಕೊಂಡು ಮತ್ತೆ ಹೊರಟೆವು. ಮುಳ್ಳು 2,200ಕ್ಕೆ ಬಂದು ನಿಂತಿತು. ಹಿಂದೆ ನೋಡಿದರೆ, ಮೂರು ದಿನ ಮರೆಯಾಗಿದ್ದ ಕಾಡಿಗೆ ಎಳೆಎಳೆಯಾಗಿ ಮತ್ತೆ ಹೊರಡುತ್ತಿದ್ದಿತು. ಪೂರ್ತಿ ಹೊರೆಯಲ್ಲಿ ಎಂಜಿನು ತನಗೆ ಗೊತ್ತುಮಾಡಿದ ಸುತ್ತನ್ನು ಮುಟ್ಟದಿದ್ದರೆ ಪಿಚ್ಚು ಹೆಚ್ಚೆಂದೇ ಅರ್ಥ. ಬರಿಯ ದೋಣಿಯಲ್ಲಿ ಅದು ಎಷ್ಟು ಚೆನ್ನಾಗಿ ಓಡಿದರೂ ಆ ಅರ್ಥ ಬದಲಾಗದು. ಮಗನ ಮುಖ ಬಾಡಿತು. ಮೇಸ್ತ್ರಿಗಳು ಮೌನವಾಗಿ ಚೀಲದಿಂದ ಇನ್ನೊಂದು ಫ್ಯಾನನ್ನು ತೆಗೆದು ಒರೆಸತೊಡಗಿದರು.

ಅಂದಿನ ಇಳಿತ ಹಿಂದಿನ ದಿನಕ್ಕಿಂತ ಮುಕ್ಕಾಲು ಗಂಟೆ ತಡವಾಗಿ ಬಂದಿತು. ನಟ್ಟನ್ನು ಬಿಗಿಯುವ ಹೊತ್ತಿಗೆ ಕತ್ತಲೆಯಾಗಿದ್ದಿತು. ಮಡದಿ ಲಾಂದ್ರವನ್ನು ಹಿಡಿದಿದ್ದರು. ತಾಂಡೇಲರು ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಚಾವಿಯನ್ನು ತಟ್ಟುತ್ತಿದ್ದರು. ಪಿನ್ನನ್ನು ಬಾಗಿಸಿ ಮೇಲೆದ್ದಾಗ ನೀರು ಅವರ ಕಣಕಾಲನ್ನು ಸುತ್ತುತ್ತಿದ್ದಿತು.

ಐದನೆಯ ದಿನದ ಪರೀಕ್ಷೆಯನ್ನು ವಿಸ್ತರಿಸಿ ಬರೆಯಬೇಕಾದುದಿಲ್ಲ. ಅದೇ ಮೂಟೆಗಳು, ಹೆಚ್ಚುಕಡಮೆ ಅದೇ ಜನ. ಮುಳ್ಳು 2,400ಕ್ಕೆ ಏರಿ ಅಲ್ಲಿಯೇ ನಿಂತಿತು. ಹೊಗೆ ಕಾಣಿಸಲಿಲ್ಲ. ಸೆಳವಿಗೆ ಎದುರಾಗಿ 10½, ಸೆಳವಿನೊಡನೆ 14½. ಸರಾಸರಿ 12½ ಕಿಲೋಮೀಟರು. ಸುತ್ತಿಗೆ ಒಂದು ಅಡಿಯಂತೆ 1,200 ಸುತ್ತು. ಲೆಕ್ಕದ ಓಟ ಗಂಟೆಗೆ 22 ಕಿಲೋಮೀಟರು. ಉಳಿದುದು ಜಾರಿಕೆ. ಕೆಟ್ಟ ಫ್ಯಾನು ಕೊಟ್ಟ 12ಕ್ಕೂ ಇದು ಕೊಟ್ಟ 12½ಕ್ಕೂ ಅಂತರವು ಅರ್ಧ ಕಿಲೋಮೀಟರೇ ಸರಿ. ಆದರೆ ಆ ಹನ್ನೆರಡನ್ನು ಎಂಜಿನಿನ ಆಯುಷ್ಯದಿಂದ ಕಿತ್ತು ತರುತ್ತಿದ್ದೆವು.

ಆರನೆಯ ದಿನ ಗೇರುಸೊಪ್ಪೆಗೆ ಹೊರಟೆವು. ಹೈಗುಂದವನ್ನು ದಾಟಿದ ಮೇಲೆ ಹೊಳೆ ಇಕ್ಕಟ್ಟಾಗುತ್ತ ಬರುವುದು. ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಸರಿಯುವವು. ತೆಂಗು ಹಿಂದೆ ಬಿದ್ದು ಅಡಕೆ, ಅಡಕೆ ಹಿಂದೆ ಬಿದ್ದು ಕಾಡು. ನೀರಿನ ಬಣ್ಣ ಬೂದಿಯಿಂದ ಹಸುರಿಗೆ ತಿರುಗುವುದು. ದಡದಿಂದ ದಡಕ್ಕೆ ಮಿಂಚುಳ್ಳಿಯೊಂದು ನೀಲಿಗೆರೆಯಂತೆ ಹಾದುಹೋಯಿತು. ಎಂಜಿನಿನ ಸದ್ದು ಒಂದೇ ಶ್ರುತಿಯಲ್ಲಿದ್ದುದರಿಂದ ಸ್ವಲ್ಪ ಹೊತ್ತಿನಲ್ಲಿ ಅದು ಇದೆಯೆಂಬುದೇ ಮರೆತುಹೋಯಿತು. ಮೊದಲನೆಯ ದಿನ ನಾನು ಈ ಹೊಳೆಯನ್ನು ನೋಡಿರಲೇ ಇಲ್ಲವೆಂದು ಆಗ ತಿಳಿಯಿತು; ನೋಡಿದ್ದುದು ಬಿಸಿಯ ಮುಳ್ಳನ್ನು.

ಅರ್ಧಕ್ಕೂ ಮುಂದೆ ಹೋದಾಗ ಸೆಳವು ಒಮ್ಮೆಲೆ ಬಲವಾಯಿತು. "ಮೇಲೆ ಕರೆಂಟು ಹುಟ್ಟಿಸುತ್ತಿದ್ದಾರೆ" ಎಂದರು ತಾಂಡೇಲರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಋತುಮಾನಕ್ಕಿಂತ ವಿದ್ಯುತ್ತಿನ ಬೇಡಿಕೆಗೇ ಹೆಚ್ಚು ವಿಧೇಯವಾಗಿದೆ. ಗೇರುಸೊಪ್ಪೆಯಲ್ಲಿಯೂ ಕೊನೆಯ ಅಣೆಕಟ್ಟೊಂದು ಇದೆ. ಅಲ್ಲಿನ 240 ಮೆಗಾವಾಟಿನ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಕೆಳಗಿನ ಹೊಳೆ ಏರುವುದು. ಬೇಸಗೆಯಲ್ಲಿಯೂ ಸಿಹಿನೀರು ಹೀಗೆ ಬರುತ್ತಿರುವುದರಿಂದ ಅಳಿವೆಯ ಉಪ್ಪು ತಗ್ಗಿ, ಚಿಪ್ಪುಮೀನುಗಳು ಕಡಮೆಯಾದವೆಂಬುದು ಇಲ್ಲಿನ ಬೆಸ್ತರ ದೂರು. ಅದು ಬರಿಯ ದೂರಲ್ಲ. ನೆರೆಯ ಅಘನಾಶಿನಿಯೊಡನೆ ಹೋಲಿಸಿ ನೋಡಿದ ಸಂಶೋಧಕರೂ ಅದನ್ನೇ ಕಂಡಿದ್ದಾರೆ. ನಮ್ಮ ಮನೆಯ ದೀಪಕ್ಕೆ ಯಾರು ಯಾರು ಎಣ್ಣೆ ಹೊಯ್ಯುತ್ತಾರೆಂಬುದು ಹೊಳೆಯ ಮೇಲೆ ಹೋದಾಗ ಸ್ವಲ್ಪ ಕಾಣುವುದು.

ಗಂಟೆಗೆ ನಾಲ್ಕು ಕಿಲೋಮೀಟರಿನ ಎದುರು ಸೆಳವಿದ್ದರೆ ನಮ್ಮ 12½ ಎಂಬುದು 8½ ಆಗುವುದು. ಒಂಬತ್ತರ ಫ್ಯಾನಿನ 11 ಎಂಬುದು ಏಳೇ. ದಾರಿಯುದ್ದಕ್ಕೂ ಅಂತಹ ಸೆಳವೇ ಇದ್ದರೆ ಗೇರುಸೊಪ್ಪೆಯನ್ನು ಮುಟ್ಟುವುದರೊಳಗೆ ಮುಕ್ಕಾಲು ಗಂಟೆಯ ವ್ಯತ್ಯಾಸ ಬೀಳುವುದು. ಇದನ್ನು ನಾನು ಲೆಕ್ಕಹಾಕಿ ಹೇಳಿದಾಗ ಮಗನು ಮೊದಲ ಬಾರಿಗೆ ಹನ್ನೆರಡರ ಫ್ಯಾನನ್ನು ಗೌರವದಿಂದ ಕಂಡಂತೆ ತೋರಿತು.

ಗೇರುಸೊಪ್ಪೆಯನ್ನು ತಲಪಿದಾಗ ಮಧ್ಯಾಹ್ನ ಮೀರಿದ್ದಿತು. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಈ ಹೊಳೆಯ ಮೇಲೆಯೇ ಸಮುದ್ರಕ್ಕೆ ಇಳಿಯುತ್ತಿದ್ದಿತು. ಅಂದಿನ ಪಟ್ಟಣದಲ್ಲಿ ಉಳಿದಿರುವುದು ಸ್ವಲ್ಪವೇ. ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ನಡೆದುಹೋದೆವು. ಕಾಡಿನ ನಡುವೆ ಕಲ್ಲಿನ ಕಟ್ಟಡ. ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ನಾಲ್ಕು ದಿಕ್ಕಿಗೂ ಮುಖಮಾಡಿ ಕುಳಿತ ತೀರ್ಥಂಕರರು. ಯಾವ ಬಾಗಿಲಿನಿಂದ ಬಂದವನಿಗೂ ಎದುರಿನ ದರ್ಶನವೇ. ತಾಂಡೇಲರು ಈ ಹೊಳೆಯಲ್ಲಿ ಮೂವತ್ತು ವರ್ಷ ದೋಣಿ ನಡೆಸಿದವರು. ಬಸದಿಯೊಳಗೆ ಕಾಲಿಟ್ಟಿದ್ದುದು ಅಂದೇ ಮೊದಲು. "ಕೆಳಗೆ ಎಂಜಿನನ್ನು ಕಾಯುತ್ತ ಕೂರುವುದೇ ಆಗಿತ್ತು ಮಾಸ್ತರೇ" ಎಂದರು. ಅಂದು ಲಾಂಚನ್ನು ಮಗನಿಗೆ ಒಪ್ಪಿಸಿ ಅವರು ಎಲೆಯಡಕೆ ಹಾಕಿಕೊಂಡು, ಬಸದಿಯ ಕಟ್ಟೆಯ ಮೇಲೆ ಅರ್ಧ ಗಂಟೆ ನೆಮ್ಮದಿಯಾಗಿ ಕುಳಿತರು.

ಹಿಂದಿರುಗುವಾಗ ಚುಕ್ಕಾಣಿ ಮಗನ ಕೈಯಲ್ಲಿದ್ದಿತು. ಸೆಳವೂ ನಮ್ಮ ಕಡೆಯೇ ಇದ್ದುದರಿಂದ, ರೈಲು ಸೇತುವೆಯ ದೀಪಗಳು ಎಣಿಸಿದುದಕ್ಕಿಂತ ಮುಂಚೆಯೇ ಕಂಡವು. ಬಂದರದಲ್ಲಿ ತಾಂಡೇಲರ ಮಡದಿ ಅಳತೆಕೋಲನ್ನು ಹಿಡಿದುಕೊಂಡು ನಿಂತಿದ್ದರು. ನಾವು ಇಳಿಯುವುದಕ್ಕೂ ಮೊದಲೇ ಅದನ್ನು ಡೀಸೆಲಿನ ತೊಟ್ಟಿಯೊಳಗೆ ಇಳಿಸಿ, ಮೇಲೆತ್ತಿ, ದೀಪದ ಬೆಳಕಿಗೆ ಹಿಡಿದು ನೋಡಿದರು. ಏನನ್ನೂ ಹೇಳದೆ ಸೊಂಟದಿಂದ ಚಿಕ್ಕ ಪುಸ್ತಕವನ್ನು ತೆಗೆದು, ತಾರೀಖಿನ ಮುಂದೆ ಲೀಟರುಗಳನ್ನು ಬರೆದು, ಅದರ ಮಗ್ಗುಲಲ್ಲಿ 18×12 ಎಂದು ಬರೆದುಕೊಂಡರು.